‘ಕಥೆ ಏನು ಸಾರ್?’

ನಗರದ ಒತ್ತಡದ ಬಗ್ಗೆ 6 ನಿಮಿಷದ ಪ್ರಾಯೋಗಿಕ ಕಿರುಚಿತ್ರ ಅಂದ ತಕ್ಷಣ ಮೈಸೂರಲ್ಲಿ ಎಲ್ಲರೂ ಕೇಳೋದು ಇದನ್ನೇ: ‘ಕಥೆ ಏನು ಸಾರ್? ಒಂದೇ ಲೈನಲ್ಲಿ ಹೇಳಿ.’ ಕಥೆ ಇಲ್ಲ. ನಾಯಕನೂ ಇಲ್ಲ, ಮಾತೂ ಇಲ್ಲ. ‘ಹಾಗಾದ್ರೆ ಬರೀ ಟ್ರಾಫಿಕ್ ತೋರಿಸ್ತೀರಾ?’ ಆ ‘ಬರೀ’ ಇದೆಯಲ್ಲ, ಅದಕ್ಕೇ ಇಷ್ಟು ಬರೆಯಬೇಕಾಯಿತು.

ಸಂಜೆ ಕೆ.ಆರ್. ಸರ್ಕಲ್‌ನಲ್ಲಿ ಕ್ಯಾಮೆರಾ ಇಟ್ಟು ಹಾರನ್ ಜೋರು ಮಾಡಿಬಿಟ್ಟರೆ ಒತ್ತಡ ಬರುವುದಿಲ್ಲ. ಒಂದೇ ಮಟ್ಟದ ಗದ್ದಲಕ್ಕೆ ಕಿವಿ ಬೇಗ ಒಗ್ಗಿಹೋಗುತ್ತದೆ. ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವ ಕಟ್‌ಗಳೂ ಹಾಗೇ. ಅರ್ಧ ಸೆಕೆಂಡಿಗೊಂದರಂತೆ ಹಾಕುತ್ತಾ ಹೋದರೆ ಅದೂ ಒಂದು ತಾಳವಾಗಿ, ನೋಡುವವರು ತಲೆದೂಗತೊಡಗುತ್ತಾರೆ. ತಾಳ ತಪ್ಪಿಸಬೇಕು. 8 ಸೆಕೆಂಡಿನ ಮೂರು ಶಾಟ್ ಆದಮೇಲೆ ನಾಲ್ಕನೆಯದನ್ನು 5ಕ್ಕೇ ಕತ್ತರಿಸಿ. ಮುಂದಿನದನ್ನು 13ರವರೆಗೂ ಕತ್ತರಿಸಬೇಡಿ. ‘ಇನ್ನೂ ಯಾಕೆ ಮುಗೀತಿಲ್ಲ’ ಅನ್ನಿಸುವ ಆ ಕೊನೆಯ 5 ಸೆಕೆಂಡಿನಲ್ಲೇ ಇದೆ ಎಲ್ಲ.

ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ತೆಗೆದರೆ ಪಟ್ಟೆಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, 1/50 ಸೆಕೆಂಡಿಗೆ ಲಾಕ್ ಮಾಡಿ, ಆಟೋದಲ್ಲಿ ಬಿಡಬೇಡಿ. ಅಷ್ಟೇ.

ಆದರೆ ‘ಶಬ್ದ ಹೇಗೆ ಕಟ್ಟಿದಿರಿ?’ ಅಂತ ಒಬ್ಬರಾದರೂ ಕೇಳಬಾರದೇ? ಇಂಥ ಚಿತ್ರಕ್ಕೆ ಅದೇ ಜೀವ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು 100 ಹರ್ಟ್ಸ್‌ನಲ್ಲಿ. ಅದನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಶುರುಮಾಡಿ, 10 ಸೆಕೆಂಡಿಗೆ 1 ಡೆಸಿಬೆಲ್‌ನಂತೆ 2 ನಿಮಿಷ ಏರಿಸಿ. ಏರಿದ್ದು ಗೊತ್ತಾಗುವುದಿಲ್ಲ, ಥಟ್ಟನೆ ನಿಲ್ಲಿಸಿದಾಗ ಗೊತ್ತಾಗುತ್ತದೆ. ಫೋನಿನ ಸ್ಪೀಕರಿಗೆ 100 ಹರ್ಟ್ಸ್ ಸರಿಯಾಗಿ ದಕ್ಕುವುದಿಲ್ಲ, ಜೊತೆಗೆ 200, 300 ಕೂಡ ಸೇರಿಸಬೇಕು. ನಿಲ್ಲಿಸಿದ ಮೇಲೆ ಪೂರ್ತಿ ಸೊನ್ನೆ ಇಟ್ಟರೆ ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಅದಕ್ಕೇ ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು 1 ನಿಮಿಷ ಆ ಜಾಗದ ಮೌನ ರೆಕಾರ್ಡ್ ಮಾಡಿಕೊಳ್ಳಿ. ರೆಕಾರ್ಡಿಂಗ್ ಮಟ್ಟ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ. ಪಕ್ಕದಲ್ಲೇ ಬಸ್ಸಿನ ಹಾರನ್ ಬಡಿದು ಶಬ್ದ ಒಡೆದರೆ ಆಮೇಲೆ ಸರಿಮಾಡುವುದು ಬಲು ಕಷ್ಟ.

ಇನ್ನು, ‘ಒತ್ತಡ ಬೇಕಿದ್ರೆ ಬೆಂಗಳೂರಿಗೆ ಹೋಗಿ, ಮೈಸೂರಲ್ಲಿ ಎಲ್ಲಿದೆ?’ ಅನ್ನುವವರು ಬೆಳಿಗ್ಗೆ ಎದ್ದು ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ನೋಡಲಿ. ಮೈಸೂರು, ಮಂಡ್ಯ, ಮದ್ದೂರಿನಲ್ಲಿ ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಅದೇ ದಾರಿಯಲ್ಲಿ ವಾಪಸಾಗುವವರು ಅಲ್ಲಿದ್ದಾರೆ. ಮುಖ ತೆಗೆಯಬೇಡಿ. ನಿದ್ದೆಯಲ್ಲೂ ಊಟದ ಬ್ಯಾಗಿನ ಹಿಡಿ ಬಿಡದ ಕೈ ತೆಗೆಯಿರಿ. ಆ 13 ಸೆಕೆಂಡಿನ ಶಾಟ್ ಅದೇ. ಅವರು ಎದ್ದಮೇಲೆ ತೋರಿಸಿ, ಕೇಳಿ. ಬೇಡ ಅಂದರೆ ಅಲ್ಲೇ, ಅವರೆದುರಿಗೇ ಅಳಿಸಿ.