ಆಕ್ಸಿಮೀಟರ್ 97 ತೋರಿಸ್ತಿದ್ರೂ ಅಜ್ಜ ಹುಷಾರಾಗಿರ್ಲಿಲ್ಲ

ಮನೇಲಿ ಆಕ್ಸಿಜನ್ ಮೇಲಿರೋರನ್ನ ನೋಡ್ಕೊಳ್ಳೋ ಹೋಮ್ ನರ್ಸ್‌ಗಳು, ಅಟೆಂಡರ್‌ಗಳು, ಮನೆಯವರು ದಯವಿಟ್ಟು ಇದನ್ನ ಪೂರ್ತಿ ಓದಿ. ಕೋವಿಡ್ ಟೈಮಿಂದ ಆಕ್ಸಿಮೀಟರಲ್ಲಿ, ಅಂದ್ರೆ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡೋ ಮಿಷಿನ್ನಲ್ಲಿ, 94ಕ್ಕಿಂತ ಕಮ್ಮಿ ಬಂದ್ರೆ ಅಪಾಯ ಅಂತ ಎಲ್ರ ತಲೇಲೂ ಕೂತ್ಬಿಟ್ಟಿದೆ. ಆದ್ರೆ ಸಿಒಪಿಡಿ ಇರೋರಿಗೆ, ಅಂದ್ರೆ ವರ್ಷಗಟ್ಲೆ ಬೀಡಿ ಸೇದಿಯೋ ಸೌದೆ ಒಲೆ ಹೊಗೆ ಕುಡ್ದೋ ಶ್ವಾಸಕೋಶ ಹಾಳಾಗಿರೋರಲ್ಲಿ ಸುಮಾರು ಜನಕ್ಕೆ, ಡಾಕ್ಟ್ರು ಇಡೋ ಟಾರ್ಗೆಟ್ಟೇ 88ರಿಂದ 92.

ನಾನು ಡ್ಯೂಟಿ ಮಾಡ್ತಿದ್ದ ಒಂದು ಮನೇಲಿ ಅಜ್ಜನಿಗೆ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಮಿಷಿನ್) ನಿಮಿಷಕ್ಕೆ 1 ಲೀಟರ್‌ಗೆ ಇಡಿ ಅಂತ ಬರ್ಕೊಟ್ಟಿದ್ರು. ರಾತ್ರಿ 89 ಬಂತು ಅಂತ ಮಗ ಗಾಬರಿ ಬಿದ್ದು 4ಕ್ಕೆ ತಿರುಗಿಸಿದ್ದಾರೆ, ನಂಬರ್ ಸರ್ರಂತ ಏರಿದೆ, ಎಲ್ರೂ ನೆಮ್ಮದಿಯಾಗಿ ಮಲಗಿದ್ದಾರೆ. ಬೆಳಿಗ್ಗೆ ನಾನು ಹೋಗಿ "ಅಜ್ಜಾ, ಕಾಫಿ ಆಯ್ತಾ" ಅಂದ್ರೆ ಕಣ್ಣು ಬಿಟ್ಟು ಹಾಗೇ ಮುಚ್ಕೊಂಡ್ರು, ತಲೆನೋವು ಅಂತ ಗೊಣಗಿದ್ರು, ಕೈ ಚಾಚ್ಸಿದ್ರೆ ಅದುರ್ತಿತ್ತು. "ರಾತ್ರಿಯೆಲ್ಲ ಒಳ್ಳೆ ನಿದ್ದೆ ಸಿಸ್ಟರ್, ನೋಡಿ 97 ಇದೆ" ಅಂತ ಮಗ ಖುಷಿಯಾಗಿ ತೋರ್ಸಿದ್ರು. ಅದು ನಿದ್ದೆ ಅಲ್ಲ. ಇಂಥೋರಿಗೆ ಆಕ್ಸಿಜನ್ ಜಾಸ್ತಿ ಕೊಟ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರ್ಕೊಳ್ತಾ ಹೋಗುತ್ತೆ, ಮಂಪರು ಬರುತ್ತೆ, ಬಿಟ್ರೆ ಎಚ್ಚರಾನೇ ತಪ್ಪಬಹುದು, ಮತ್ತೆ ಬೆರಳಿಗೆ ಹಾಕೋ ಆಕ್ಸಿಮೀಟರ್‌ಗೆ ಇದು ಗೊತ್ತೇ ಆಗಲ್ಲ, ಅದು ನೋಡೋದು ಆಕ್ಸಿಜನ್ ಮಾತ್ರ. ತಕ್ಷಣ ಡಾಕ್ಟ್ರಿಗೆ ವಿಡಿಯೋ ಕಾಲ್ ಮಾಡಿ ಅಜ್ಜನ ಮುಖ, ಉಸಿರಾಟ, ಮಿಷಿನ್ನಿನ ಫ್ಲೋ ಎಲ್ಲ ತೋರ್ಸಿದೆ. ಒಂದೇ ಸಲ ಆಫ್ ಮಾಡ್ಬೇಡಿ, ಫ್ಲೋ ಇಳಿಸಿ, ಕರ್ಕೊಂಡ್ ಬನ್ನಿ ಅಂದ್ರು. ಆಸ್ಪತ್ರೇಲಿ ಬ್ಲಡ್ ಗ್ಯಾಸ್ ಟೆಸ್ಟಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರೋದು ಗೊತ್ತಾಯ್ತು, ಟೈಮಿಗೆ ಹೋಗಿದ್ರಿಂದ ಅಜ್ಜ ಚೇತರಿಸ್ಕೊಂಡ್ರು. ಮಗನ ಮೇಲೆ ನಂಗೆ ಸ್ವಲ್ಪಾನೂ ಕೋಪ ಇಲ್ಲ, ಅಪ್ಪನ ಮೇಲಿನ ಪ್ರೀತಿಯಿಂದ ಮಾಡಿದ್ದು, ಮಿಷಿನ್ ಮನೆಗೆ ತಂದಿಟ್ಟೋರು ಅವರಿಗೆ ಹೇಳ್ಕೊಡ್ಬೇಕಿತ್ತು.

ಆಮೇಲಿಂದ ನಾನು ಹೋಗೋ ಪ್ರತಿ ಮನೇಲೂ ಡಾಕ್ಟ್ರು ಹೇಳಿದ ಫ್ಲೋ, ಟಾರ್ಗೆಟ್ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಕಾನ್ಸಂಟ್ರೇಟರ್ ಮೇಲೇ ಅಂಟಿಸ್ತೀನಿ. ವಾಟ್ಸಾಪ್ ಗ್ರೂಪಿಗೆ ಬರೀ ರೀಡಿಂಗ್ ಫೋಟೋ ಹಾಕಲ್ಲ, ಜೊತೆಗೆ "ಎದ್ದು ಕೂತಿದ್ದಾರೆ, ಇಡ್ಲಿ ತಿಂದ್ರು, ಮಾತು ಸರಿಯಾಗಿದೆ" ಅಂತ ಒಂದ್ ಲೈನ್ ಕಡ್ಡಾಯ. ಡಾಕ್ಟ್ರಿಗೆ ಆ ಲೈನೇ ಜಾಸ್ತಿ ಉಪಯೋಗಕ್ಕೆ ಬರೋದು. ಬೆರಳು ತಣ್ಣಗಿದ್ರೆ, ನೇಲ್ ಪಾಲಿಶ್ ಇದ್ರೆ ರೀಡಿಂಗ್ ತಪ್ಪು ಬರಬಹುದು, ಕೈ ಉಜ್ಜಿ ಬೆಚ್ಚಗೆ ಮಾಡಿ ನಂಬರ್ ನಿಲ್ಲೋವರೆಗೂ ಕಾಯಿರಿ.

ಇನ್ನು ಕರೆಂಟ್. 5 ಲೀಟರ್ ಕಾನ್ಸಂಟ್ರೇಟರ್ ಸುಮಾರು 300 ವಾಟ್ ಎಳೆಯುತ್ತೆ, ಮನೆ ಯುಪಿಎಸ್ ಎಷ್ಟೊತ್ತು ತಡ್ಕೊಳ್ಳುತ್ತೆ ಅಂತ ಹಗಲಲ್ಲೇ ಟೆಸ್ಟ್ ಮಾಡಿ ನೋಡಿ. ಬ್ಯಾಕಪ್ಪಿಗೆ ಸಿಲಿಂಡರ್ ಇರಲೇಬೇಕು. 1,500 ಲೀಟರ್ ಹಿಡಿಯೋ ಸಿಲಿಂಡರ್ ತುಂಬಿದ್ರೆ 1 ಲೀಟರ್ ಫ್ಲೋಗೆ ಹೆಚ್ಚುಕಮ್ಮಿ ಒಂದು ದಿನ ಬರುತ್ತೆ, ಗೇಜ್ ನೋಡೋದು, ಸಿಲಿಂಡರ್ ತೆರೆಯೋ ಕೀ ಎಲ್ಲಿದೆ ಅನ್ನೋದು ಮನೇಲಿ ಇಬ್ಬರಿಗಾದ್ರೂ ಗೊತ್ತಿರಲಿ. ಮತ್ತೆ ಆ ರೂಮಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ, ದೇವರ ಫೋಟೋ ಅಲ್ಲೇ ಇದ್ರೆ ಮನೆಯವರನ್ನ ಕೇಳಿ ಬೇರೆ ರೂಮಿಗೆ ಇಡಿಸಿ, ಹೇಳೋಕೆ ಸಂಕೋಚ ಪಡ್ಬೇಡಿ.