ಬಟ್ಟೆಯೂ ಇಲ್ಲ, ಬೆಂಕಿಯೂ ಇಲ್ಲ

ಡಿಸೆಂಬರ್ ಎರಡನೇ ವಾರದಲ್ಲಿ ಅಮ್ಮ ಒಂದು ಹಿಡಿ ರಾಗಿ ನೆನೆಹಾಕುತ್ತಾಳೆ. ಮಾರನೇ ದಿನ ಅಗಲವಾದ ತಟ್ಟೆಗಳಲ್ಲಿ ಮಣ್ಣು ಹರಡಿ ಅದನ್ನು ಚೆಲ್ಲುತ್ತಾಳೆ. ಕ್ರಿಸ್‌ಮಸ್ ಹೊತ್ತಿಗೆ ಬೆರಳುದ್ದ ಪೈರು ಎದ್ದಿರುತ್ತದೆ. ನಮ್ಮ ಮನೆಯ ಗೋದಲಿಗೆ ಅದೇ ಹುಲ್ಲುಗಾವಲು. ಕುರಿ, ಕುರುಬ, ಹಸು, ಕತ್ತೆ ಎಲ್ಲ ಅದರೊಳಗೆ ನಿಲ್ಲುತ್ತವೆ. ಬಾಲ ಯೇಸು ಮಲಗುವ ಜಾಗ ಮಾತ್ರ 24ರ ರಾತ್ರಿಯವರೆಗೆ ಖಾಲಿ.

16ನೇ ತಾರೀಕಿನಿಂದ ಒಂಬತ್ತು ಸಂಜೆ ಆ ಖಾಲಿ ಜಾಗದ ಮುಂದೆ ಒಂದು ಮೇಣದ ಬತ್ತಿ ಹಚ್ಚಿ ಕೂರುತ್ತೇವೆ. ಜಪಸರ ಮುಗಿದ ಮೇಲೆ ಒಂದು ಹಾಡು. ಅದು ನಮ್ಮ ಭಾಷೆಯ ಹಾಡಲ್ಲ. ರೋಮಿನಲ್ಲಿ ಓದಿ ಬಂದಿದ್ದ ಫಾದರ್ ಒಬ್ಬರು ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ನಮ್ಮ ಗಾಯನ ತಂಡಕ್ಕೆ ಕಲಿಸಿದ್ದು. 'ತೂ ಶೇಂದಿ ದಾಲ್ಲೆ ಸ್ತೆಲ್ಲೆ' ಅಂತ ಶುರುವಾಗುತ್ತದೆ. ನೀನು ನಕ್ಷತ್ರಗಳಿಂದ ಇಳಿದು ಬರುತ್ತೀಯೆ ಎಂದು ಅದರ ಅರ್ಥ. ಆಗ ಅರ್ಥದ ಕಡೆ ನಮ್ಮ ಗಮನವಿರಲಿಲ್ಲ, ರಾಗ ಇಷ್ಟವಾಗಿತ್ತು. ತೊಟ್ಟಿಲು ತೂಗುವ ಹಾಗೆ ಹೋಗಿ ಬರುವ ರಾಗ. ಕೇಳುತ್ತಿದ್ದರೆ ಕಾಲು ತಾನಾಗಿಯೇ ತೂಗುತ್ತದೆ.

ಇಟಲಿಯಲ್ಲಿ ಈ ಹಾಡು ಗೊತ್ತಿಲ್ಲದ ಮನೆ ಸಿಗುವುದು ಕಷ್ಟ. ಅಜ್ಜಿಯರು ಮೊಮ್ಮಕ್ಕಳಿಗೆ ಮೊದಲು ಕಲಿಸುವ ಕ್ರಿಸ್‌ಮಸ್ ಹಾಡು ಇದೇ. ಹಬ್ಬದ ಪೂಜೆ ಮುಗಿದು ಜನ ಸಾಲಾಗಿ ಬಂದು ಬಾಲ ಯೇಸುವಿನ ಪ್ರತಿಮೆಗೆ ಮುತ್ತಿಡುವಾಗ ಚರ್ಚುಗಳಲ್ಲಿ ಇದನ್ನು ಹಾಡುತ್ತಾರೆ. ಈಗ ಇಡೀ ದೇಶ ತನ್ನದು ಅನ್ನುವ ಈ ಹಾಡು ಹುಟ್ಟಿದಾಗ ಇಟಲಿ ಅನ್ನುವ ಒಂದು ದೇಶವೇ ಇರಲಿಲ್ಲ. ಅದು ಒಂದಾದದ್ದು 1861ರಲ್ಲಿ. ಹಾಡು ಬಂದದ್ದು ಅದಕ್ಕೂ ನೂರು ವರ್ಷ ಹಿಂದೆ, 1754ರ ಡಿಸೆಂಬರ್‌ನಲ್ಲಿ, ನೇಪಲ್ಸ್ ರಾಜ್ಯದ ನೋಲ ಎಂಬ ಊರಿನಲ್ಲಿ.

ಬರೆದವರು ಸಂತ ಅಲ್ಫೋನ್ಸ್ ಲಿಗೋರಿ. ಆಗ ಅವರಿಗೆ 58 ವರ್ಷ. ಊರೂರಿಗೆ ಹೋಗಿ ಧ್ಯಾನಕೂಟ ನಡೆಸುವುದು ಅವರ ಕೆಲಸ. ನೋಲಕ್ಕೂ ಹಾಗೇ ಬಂದಿದ್ದರು. ಒಂದು ಕಥೆ ಹೇಳುತ್ತಾರೆ. ಹಾಡು ಬರೆದು ಮುಗಿಸಿದಾಗ ಅವರು ಉಳಿದುಕೊಂಡಿದ್ದ ಮನೆಯ ಗುರುಗಳು ಒಂದು ಪ್ರತಿ ಕೇಳಿದರಂತೆ. ಅಚ್ಚಾಗಲಿ, ಆಮೇಲೆ ಕೊಡುತ್ತೇನೆ ಅಂದರಂತೆ ಅಲ್ಫೋನ್ಸ್. ಅವರು ಆಚೆ ಹೋದಾಗ ಈ ಗುರುಗಳು ತಡೆಯಲಾರದೆ ಬರೆದುಕೊಂಡು ಜೇಬಿಗೆ ಹಾಕಿಕೊಂಡರು. ಚರ್ಚಿನಲ್ಲಿ ಅಲ್ಫೋನ್ಸ್ ಹಾಡಲು ನಿಂತರು. ನಡುವೆ ಸಾಲು ಮರೆತುಹೋಯಿತು. ಒಬ್ಬ ಹುಡುಗನನ್ನು ಕರೆದು, ಆ ಗುರುಗಳ ಜೇಬಿನಲ್ಲಿ ಹಾಡು ಇದೆ, ಇಸ್ಕೊಂಡು ಬಾ ಅಂದರಂತೆ. ನನಗೆ ಈ ಕಥೆ ತುಂಬಾ ಇಷ್ಟ. ತಾನೇ ಬರೆದದ್ದು ಮರೆತುಹೋಗಿದೆ, ಆದರೆ ಅದು ಆಗಲೇ ಇನ್ನೊಬ್ಬರ ಎದೆಯ ಹತ್ತಿರ ಮಡಚಿಕೊಂಡು ಕೂತಿದೆ.

ಅವರ ಬದುಕು ತಿಳಿದ ಮೇಲೆ ಈ ಹಾಡು ನನಗೆ ಬೇರೆಯಾಗಿ ಕೇಳತೊಡಗಿತು. ಹುಟ್ಟಿದ್ದು 1696ರಲ್ಲಿ, ನೇಪಲ್ಸಿನ ಪಕ್ಕದ ಮರಿಯನೆಲ್ಲದಲ್ಲಿ, ದೊಡ್ಡ ಮನೆತನದಲ್ಲಿ. ಅಪ್ಪ ನೌಕಾಪಡೆಯ ಅಧಿಕಾರಿ. ಮಗನಿಗೆ ಸಣ್ಣವನಿದ್ದಾಗಲೇ ಸಂಗೀತ ಕಲಿಸಿದರು, ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ ಮಾಡಿಸಿದರು. ಹದಿನಾರನೇ ವಯಸ್ಸಿಗೇ ಕಾನೂನಿನಲ್ಲಿ ಡಾಕ್ಟರೇಟ್. ವಕೀಲರ ನಿಲುವಂಗಿ ಆ ಹುಡುಗನಿಗೆ ತುಂಬಾ ದೊಡ್ಡದಾಗಿ ಕಾಲಿಗೆ ತೊಡರುತ್ತಿತ್ತಂತೆ. 1723ರಲ್ಲಿ ಒಂದು ದೊಡ್ಡ ಆಸ್ತಿ ವ್ಯಾಜ್ಯ. ಒಂದು ಕಾಗದವನ್ನು ಅವರು ಸರಿಯಾಗಿ ಗಮನಿಸಿರಲಿಲ್ಲ. ಎದುರಾಳಿ ಅದನ್ನೇ ಎತ್ತಿ ತೋರಿಸಿದಾಗ ಕೇಸು ಬಿದ್ದುಹೋಯಿತು. ಅವತ್ತೇ ನ್ಯಾಯಾಲಯ ಬಿಟ್ಟರು. ವಾಸಿಯಾಗದ ಕಾಯಿಲೆಯವರ ಆಸ್ಪತ್ರೆಗೆ ಸೇವೆಗೆ ಹೋಗುತ್ತಿದ್ದಾಗ ದೇವರ ಕರೆ ಕೇಳಿಸಿತು ಎಂದು ಅವರ ಚರಿತ್ರೆ ಹೇಳುತ್ತದೆ. ಸೊಂಟದಲ್ಲಿದ್ದ ಕತ್ತಿಯನ್ನು ಬಿಚ್ಚಿ ಮಾತೆ ಮರಿಯಮ್ಮನವರ ಪಾದದ ಬಳಿ ಇಟ್ಟುಬಿಟ್ಟರು. 1726ರ ಡಿಸೆಂಬರ್ 21ಕ್ಕೆ ಗುರುದೀಕ್ಷೆ. ಹಬ್ಬಕ್ಕೆ ಇನ್ನು ನಾಲ್ಕೇ ದಿನ ಇತ್ತು.

ಕುರುಬರು ಅವರ ಬದುಕಿಗೆ ಬಂದದ್ದು ಅದಾದ ಮೇಲೆ. 1730ರಲ್ಲಿ ದುಡಿದು ದಣಿದು, ಆರೋಗ್ಯ ಕೆಟ್ಟು, ಅಮಾಲ್ಫಿಯ ಮೇಲಿನ ಸ್ಕಾಲ ಬೆಟ್ಟಕ್ಕೆ ವಿಶ್ರಾಂತಿಗೆಂದು ಹೋದರು. ಅಲ್ಲಿ ಕುರಿ, ಮೇಕೆ ಕಾಯುವವರನ್ನು ಕಂಡರು. ಅವರಿಗೆ ದೇವರ ಬಗ್ಗೆ ನಾಲ್ಕು ಮಾತು ಹೇಳುವವರೇ ಇರಲಿಲ್ಲ. ನೇಪಲ್ಸಿನಲ್ಲಿ ಗಲ್ಲಿಗೊಂದು ಚರ್ಚು, ಬೆಟ್ಟದ ಮೇಲೆ ಯಾರೂ ಇಲ್ಲ. ಎರಡು ವರ್ಷದ ಮೇಲೆ, 1732ರ ನವೆಂಬರ್‌ನಲ್ಲಿ, ಅದೇ ಸ್ಕಾಲದಲ್ಲಿ ಇಂಥವರಿಗಾಗಿಯೇ ಗುರುಗಳ ಒಂದು ಸಭೆ ಶುರು ಮಾಡಿದರು. ಅದೇ ರಿಡೆಂಪ್ಟರಿಸ್ಟ್ ಸಭೆ. ಬೆಂಗಳೂರಿನ ಡೇವಿಸ್ ರಸ್ತೆಯ ಹೋಲಿ ಘೋಸ್ಟ್ ಚರ್ಚು ಗೊತ್ತಲ್ವಾ, ಅದು ಈ ಸಭೆಯವರದೇ. ನಮ್ಮಲ್ಲಿ ಎಷ್ಟೋ ಮನೆಯ ಗೋಡೆಯ ಮೇಲಿರುವ ನಿತ್ಯ ಸಹಾಯ ಮಾತೆಯ ಪಟದ ಮೂಲಚಿತ್ರವೂ ರೋಮಿನಲ್ಲಿ ಅವರ ಚರ್ಚಿನಲ್ಲೇ ಇದೆ. 1866ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಅದನ್ನು ಈ ಸಭೆಯವರ ಕೈಗೆ ಒಪ್ಪಿಸಿದರು.

ಬೆಟ್ಟದ ಕುರುಬರು ಡಿಸೆಂಬರ್‌ನಲ್ಲಿ ಪಟ್ಟಣಕ್ಕೆ ಇಳಿದು ಬರುವ ಪದ್ಧತಿ ಅಲ್ಲಿ ಹಳೆಯದು. ಅಬ್ರುತ್ಸೊ, ಮೊಲಿಸೆ ಕಡೆಯವರು. ಕುರಿತೊಗಲಿನ ಮೇಲಂಗಿ, ಕಾಲಿಗೆ ಪಟ್ಟಿ ಸುತ್ತಿ ಕಟ್ಟಿದ ಚರ್ಮದ ಕೆರ. ಇಬ್ಬರಿಬ್ಬರಾಗಿ ಬರುತ್ತಿದ್ದರು. ಒಬ್ಬನ ಕಂಕುಳಲ್ಲಿ ತಿದಿಯ ಹಾಗೆ ಊದಿಕೊಳ್ಳುವ ಚರ್ಮದ ಚೀಲ, ಅದಕ್ಕೆ ಸಿಕ್ಕಿಸಿದ ಕೊಳವೆಗಳು. ಅದು ಜಂಪೋನ್ಯ. ಇನ್ನೊಬ್ಬನ ಕೈಯಲ್ಲಿ ನಮ್ಮ ಓಲಗದ ಜಾತಿಯ ಪುಟ್ಟ ವಾದ್ಯ. ಚೀಲ ಶ್ರುತಿ ಹಿಡಿದರೆ ಓಲಗ ಹಾಡುತ್ತದೆ. ಬೀದಿ ಮೂಲೆಯ ಮರಿಯಮ್ಮನವರ ಗೂಡುಗಳ ಮುಂದೆ ನಿಂತು ಒಂಬತ್ತು ದಿನ ನುಡಿಸುತ್ತಿದ್ದರು. ಹೆರಿಗೆಗೆ ಹತ್ತಿರವಾದ ತಾಯಿಗೆ ಅದರಿಂದ ಸಮಾಧಾನ ಆಗುತ್ತದೆ ಎಂಬ ನಂಬಿಕೆ. ಎಂಥಾ ನಂಬಿಕೆ ನೋಡಿ!

ಅಲ್ಫೋನ್ಸರ ಹಾಡು ಇದೇ ಕುರುಬರ ಲಯದಲ್ಲಿದೆ. ಇದೇ ಧಾಟಿಯಲ್ಲಿ ನೇಪಲ್ಸಿನ ಆಡುಮಾತಿನ ಇನ್ನೊಂದು ಹಾಡೂ ಇದೆ, ಅದೂ ಅವರದೇ ಎನ್ನುವುದು ವಾಡಿಕೆ. ನೇಪಲ್ಸಿನ ಗೋದಲಿಗಳಲ್ಲಿ ಈಗಲೂ ಒಬ್ಬ ಜಂಪೋನ್ಯ ಊದುವವನ ಮಣ್ಣಿನ ಗೊಂಬೆ ಇರಲೇಬೇಕು. ದೊಡ್ಡ ಸಂಗೀತ ಕಲಿತಿದ್ದ ಮನುಷ್ಯ ದೊಡ್ಡ ರಾಗ ಹುಡುಕಿಕೊಂಡು ಹೋಗಲಿಲ್ಲ. ಕುರುಬರಿಗೆ ಬರುತ್ತಿದ್ದದ್ದನ್ನೇ ತೆಗೆದುಕೊಂಡು, ಅದರೊಳಗೆ ಮಾತು ಇಟ್ಟು, ಅವರಿಗೇ ವಾಪಸ್ಸು ಕೊಟ್ಟರು.

ಈಗ ಮಾತಿಗೆ ಬರುತ್ತೇನೆ. ಮೊದಲ ಪದ್ಯ ಹೀಗಿದೆ: ಆಕಾಶದ ಅರಸನೇ, ನಕ್ಷತ್ರಗಳಿಂದ ಇಳಿದು ಬರುತ್ತೀಯೆ, ಚಳಿ ಮಂಜಿನ ಗವಿಗೆ ಬರುತ್ತೀಯೆ. ನನ್ನ ದಿವ್ಯ ಕಂದ, ನೀನಿಲ್ಲಿ ನಡುಗುವುದನ್ನು ನೋಡುತ್ತಿದ್ದೇನೆ. ನನ್ನನ್ನು ಪ್ರೀತಿಸಿದ್ದಕ್ಕೆ ನಿನಗೆ ಎಷ್ಟೊಂದು ಬೆಲೆ ಬಿತ್ತು!

ದೇವದೂತರ ಗಾನ, ಬೆಳಕು, ಕಾಣಿಕೆ ಯಾವುದೂ ಇಲ್ಲಿಲ್ಲ. ನಡುಗುವ ಒಂದು ಕೂಸು, ಅದನ್ನು ನೋಡುತ್ತಾ ನಿಂತ ಒಬ್ಬ ಮನುಷ್ಯ, ಅಷ್ಟೇ. ಎರಡನೇ ಪದ್ಯ ಇನ್ನೂ ಹತ್ತಿರ ಬರುತ್ತದೆ. ಲೋಕವನ್ನೇ ಸೃಷ್ಟಿಸಿದ ನಿನಗೆ ಬಟ್ಟೆಯೂ ಇಲ್ಲ, ಬೆಂಕಿಯೂ ಇಲ್ಲ, ನನ್ನೊಡೆಯನೇ. ಈ ಬಡತನ ನೋಡಿದಷ್ಟೂ ನಿನ್ನ ಮೇಲೆ ನನಗೆ ಪ್ರೀತಿ ಜಾಸ್ತಿಯಾಗುತ್ತದೆ, ಪ್ರೀತಿಯೇ ಅಲ್ಲವೇ ನಿನ್ನನ್ನು ಬಡವ ಮಾಡಿದ್ದು. ಯಶೋದೆಯ ಮಡಿಲಲ್ಲಿ ಜಗದ ಒಡೆಯನನ್ನು ಕಂಡ ದಾಸರ ನಾಡಿನಲ್ಲಿ ಬೆಳೆದವಳು ನಾನು. ದೇವರನ್ನು ಕೂಸಾಗಿ ಕಾಣುವುದು ನನಗೆ ಹೊಸದಲ್ಲ. ಆದರೆ ಚಳಿಗೆ ನಡುಗುವ ದೇವರನ್ನು ನನಗೆ ತೋರಿಸಿಕೊಟ್ಟದ್ದು ಈ ಹಾಡು.

ಆ ಕಾಲವನ್ನು ಸ್ವಲ್ಪ ನೆನೆಸಿಕೊಳ್ಳಿ. ನೇಪಲ್ಸಿನಲ್ಲಿ ಆಗ ಕಾರ್ಲೊ ದೊರೆಯ ಆಳ್ವಿಕೆ. ಅವನಿಗೂ ಗೋದಲಿ ಎಂದರೆ ಪ್ರಾಣ. ಶ್ರೀಮಂತರ ಮನೆಗಳಲ್ಲಿ ರೇಷ್ಮೆ ಉಡಿಸಿದ ಗೊಂಬೆಗಳ ದೊಡ್ಡ ದೊಡ್ಡ ಗೋದಲಿಗಳು. ಅದೇ ದೊರೆ 1752ರಲ್ಲಿ ಕಸೆರ್ತದಲ್ಲಿ ಅರಮನೆಗೆ ಅಡಿಗಲ್ಲು ಇಟ್ಟಿದ್ದ. ಸುಮಾರು 1200 ಕೋಣೆಗಳ ಅರಮನೆ. ನೋಲದಿಂದ ಕಸೆರ್ತ ದೂರವೇನಿಲ್ಲ. ಅಲ್ಲಿ ಗೋಡೆ ಏಳುತ್ತಿದ್ದಾಗ ಇಲ್ಲಿ ಒಬ್ಬ ಗುರು ಬಟ್ಟೆಯಿಲ್ಲದ ರಾಜನ ಹಾಡು ಹಾಡುತ್ತಿದ್ದರು.

ಬಟ್ಟೆಯೂ ಇಲ್ಲ, ಬೆಂಕಿಯೂ ಇಲ್ಲ. ಎಷ್ಟೋ ವರ್ಷ ಈ ಸಾಲನ್ನು ಸುಮ್ನೆ ಹಾಡಿಕೊಂಡು ಬಂದಿದ್ದೆ. ಅದು ನನಗೆ ತಾಗಿದ್ದು ಮಗಳು ಹುಟ್ಟಿದ ವರ್ಷ.

ಡಿಸೆಂಬರ್ 17. ದಿನ ತುಂಬಿರಲಿಲ್ಲ, ಎಂಟನೇ ತಿಂಗಳು ಆಗಷ್ಟೇ ಶುರುವಾಗಿತ್ತು. ತೂಕ ಒಂದೂವರೆ ಕೆಜಿ. ನನ್ನ ಪಕ್ಕದಲ್ಲಿ ಮಲಗಿಸಲಿಲ್ಲ, ಕಾವು ಕೊಡುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮೈಯಲ್ಲಿ ಕೊಬ್ಬೇ ಇಲ್ಲ, ಚಳಿ ತಡೆಯಲ್ಲ ಅಂದರು. ಡಯಾಪರ್ ಬದಲಿಸಲು ಪೆಟ್ಟಿಗೆಯ ಬಾಗಿಲು ತೆಗೆದರೆ ಸಾಕು, ಅವಳ ಕೈಕಾಲು ನಡುಗುತ್ತಿದ್ದವು. ನೀನಿಲ್ಲಿ ನಡುಗುವುದನ್ನು ನೋಡುತ್ತಿದ್ದೇನೆ. ಗಾಜಿನ ಈಚೆ ನಿಂತು ನಾನು ಬೇರೇನೂ ಮಾಡುವ ಹಾಗಿರಲಿಲ್ಲ, ನೋಡುವುದಷ್ಟೇ.

ನಾವು ಕೊಂಡಿಟ್ಟಿದ್ದ ಹೊಸ ಬಟ್ಟೆ ಯಾವುದೂ ಬೇಡ ಅಂದರು ನರ್ಸ್. "ಹಳೇ ಕಾಟನ್ ಸೀರೆ ಇದ್ರೆ ತನ್ನಿ ಅಮ್ಮಾ. ಒಗೆದು ಒಗೆದು ಮೆತ್ತಗಾಗಿರ್ಬೇಕು." ಅಮ್ಮ ಅವತ್ತೇ ಮನೆಗೆ ಹೋಗಿ ತನ್ನ ಹಳೇ ನೀಲಿ ಸೀರೆ ಹರಿದಳು. ಬಿಸಿನೀರಲ್ಲಿ ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿ, ಚೌಕಚೌಕ ಮಡಚಿ ತಂದಳು. ಎಂಟನೇ ದಿನ, 24ರ ಸಂಜೆ, ಅವಳನ್ನು ಮೊದಲ ಸಲ ನನ್ನ ಎದೆಯ ಮೇಲೆ ಮಲಗಿಸಿದಾಗ ಅವಳು ಆ ನೀಲಿ ತುಂಡಿನಲ್ಲಿ ಸುತ್ತಿಕೊಂಡಿದ್ದಳು. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಎಂದು ಶುಭಸಂದೇಶದಲ್ಲಿ ಇದೆಯಲ್ಲ, ಆ ಬಟ್ಟೆ ಎಲ್ಲಿಂದ ಬಂತು ಅಂತ ಅವತ್ತಿನವರೆಗೆ ನಾನು ಯೋಚಿಸಿರಲಿಲ್ಲ. ಮರಿಯಮ್ಮ ನಜರೇತಿನಿಂದ ಕಟ್ಟಿಕೊಂಡು ಬಂದಿದ್ದಳೇ? ತನ್ನ ಹೊದಿಕೆಯನ್ನೇ ಹರಿದಳೇ?

ಅಮ್ಮ ನಿತ್ಯ ಸಹಾಯ ಮಾತೆಗೆ ಹರಕೆ ಹೊತ್ತಿದ್ದಳು. ಮಗು ಉಳಿದರೆ ಪ್ರತಿ ವರ್ಷ ಈ ಒಂಬತ್ತು ದಿನ ಹಳೇ ಸೀರೆ, ಪಂಚೆ ಕೂಡಿಸಿ, ಕುದಿಸಿ ಮಡಚಿ ಹೆರಿಗೆ ವಾರ್ಡಿಗೆ ಕೊಡುತ್ತೇನೆ ಅಂತ. ಮೇಣದ ಬತ್ತಿಯ ಹರಕೆ, ಪೂಜೆಯ ಹರಕೆ ಕೇಳಿದ್ದೆ. ಇಂಥ ಹರಕೆ ಕೇಳಿರಲಿಲ್ಲ. ಈಗ ಅಕ್ಕಪಕ್ಕದ ಮನೆಯವರೂ ನವೆಂಬರ್‌ನಲ್ಲೇ ಸೀರೆ ತಂದುಕೊಡುತ್ತಾರೆ. ಬಾಣಂತಿಯರ ಕೈಗೆ ಆ ಮಡಚಿದ ಬಟ್ಟೆ ಕೊಡುವಾಗ ಅಮ್ಮ ಮಾತಾಡುವುದಿಲ್ಲ. ಮಗುವಿನ ಪಾದ ಒಂದು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.

ಅಲ್ಫೋನ್ಸರೂ ಆ ಹಾಡಿನ ಬೆಲೆಯನ್ನು ತಮ್ಮ ಬದುಕಿನಲ್ಲಿ ಕೊಟ್ಟವರೇ. 1762ರಲ್ಲಿ ಅವರನ್ನು ಸಾಂತ್ ಆಗತ ಎಂಬ ಊರಿನ ಧರ್ಮಾಧ್ಯಕ್ಷರನ್ನಾಗಿ ಮಾಡಿದರು. ಬೇಡವೆಂದರೂ ಪೋಪ್ ಬಿಡಲಿಲ್ಲ. ಮುಂದೆ ಬರಗಾಲ ಬಂತು. ಜನಕ್ಕೆ ಊಟ ಹಾಕಲು ತಮ್ಮ ಸಾರೋಟು, ಹೇಸರಗತ್ತೆ ಎಲ್ಲ ಮಾರಿದರು. ಕೆಲವು ವರ್ಷ ಕಳೆದ ಮೇಲೆ ಭಾರಿ ವಾತದ ಕಾಯಿಲೆ. ಕುತ್ತಿಗೆ ಬಾಗಿ ಬಾಗಿ ಗದ್ದ ಎದೆಗೆ ತಾಗಿತು, ಒತ್ತಿ ಒತ್ತಿ ಎದೆಯ ಮೇಲೆ ಗಾಯವೇ ಆಯಿತು. ಕುಡಿಯಲು ಕೊಳವೆ ಬೇಕಾಯಿತು. ಕೊನೆಯವರೆಗೂ ತಲೆ ನೆಟ್ಟಗಾಗಲಿಲ್ಲ. ನಕ್ಷತ್ರಗಳಿಂದ ಇಳಿದು ಬರುತ್ತೀಯೆ ಎಂದು ಹಾಡಿದವರು, ತಲೆ ಎತ್ತಿ ನಕ್ಷತ್ರ ನೋಡಲಾರದೆ ವರ್ಷಗಟ್ಟಲೆ ಬದುಕಿದರು. ಆ ಬಾಗಿದ ತಲೆಯನ್ನು ನೆನೆದಾಗಲೆಲ್ಲ ನನಗೆ ಅನಿಸುವುದು ಒಂದೇ. ಅದು ಗೋದಲಿಯ ಕಡೆಗೆ ಬಾಗಿದ ತಲೆಯ ಹಾಗೇ ಇದೆ. 1787ರ ಆಗಸ್ಟ್ 1ರಂದು, ಪಗಾನಿಯಲ್ಲಿ, 90 ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. 1839ರಲ್ಲಿ ಸಂತರ ಪಟ್ಟ.

ಈ ಸಲ ಮಗಳಿಗೆ ಒಂಬತ್ತು ತುಂಬಿತು. ಮೊದಲ ಪದ್ಯ ಅವಳಿಗೆ ಪೂರ್ತಿ ಬರುತ್ತದೆ. ಎರಡನೆಯದನ್ನು ಅಜ್ಜಿಗೆ ಕಲಿಸುತ್ತಿದ್ದಾಳೆ. ಇಬ್ಬರೂ ಸೇರಿ ಇಟಾಲಿಯನ್ ಪದಗಳನ್ನು ಕನ್ನಡದ ಹಾಗೆ ಉರುಳಿಸುತ್ತಾರೆ, ಕೇಳಲು ಚೆನ್ನಾಗಿರುತ್ತದೆ. 24ರ ರಾತ್ರಿ ಪೂಜೆ ಮುಗಿಸಿ ಮನೆಗೆ ಬಂದಾಗ ಒಂದೂವರೆ ಗಂಟೆ. ರಾಗಿ ಪೈರು ಮೇಣದ ಬೆಳಕಿಗೆ ಮಿನುಗುತ್ತಿತ್ತು. ಮಗಳು ಬಾಲ ಯೇಸುವಿನ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದು ಗೋದಲಿಯ ಹತ್ತಿರ ತಂದವಳು ಹಾಗೇ ನಿಂತಳು.

"ಅಜ್ಜೀ, ಆ ನೀಲಿ ಸೀರೆದು ಒಂದು ತುಂಡು ಇನ್ನೂ ಇದ್ಯಾ?"

ಇತ್ತು. ಅಮ್ಮ ಬೀರುವಿನಿಂದ ತಂದುಕೊಟ್ಟಳು. ಮಗಳು ಗೊಂಬೆಯನ್ನು ಅದರಲ್ಲಿ ಎರಡು ಸುತ್ತು ಸುತ್ತಿ, ತಲೆ ಮಾತ್ರ ಕಾಣುವ ಹಾಗೆ ಬಿಟ್ಟು, ಖಾಲಿ ಜಾಗದಲ್ಲಿ ಮಲಗಿಸಿದಳು.