ಸ್ಥಳೀಯರಿಗೆ ರೂಮ್ ಇಲ್ಲ

“ಲೋಕಲ್ ಆಧಾರ್ ಇದ್ದವರಿಗೆ ನಾವು ರೂಮ್ ಕೊಡುವುದಿಲ್ಲ ಮೇಡಂ” ಎಂದ ಕೌಂಟರಿನ ಹುಡುಗ. ಒರಟಾಗಿ ಹೇಳಲಿಲ್ಲ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ದೇವಸ್ಥಾನದಲ್ಲಿ ಪ್ರಸಾದ ಕೊಡುವಂತೆ ನನ್ನತ್ತ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. “ವಿಳಾಸ ಇನ್ನೊಮ್ಮೆ ಓದಪ್ಪ” ಎಂದೆ.

ಓದಿದ. ತಿರುಗಿ ತನ್ನ ಬೆನ್ನ ಹಿಂದೆ ಗೋಡೆಗೆ ತೂಗಿದ್ದ ಪರವಾನಿಗೆಯ ಚೌಕಟ್ಟನ್ನು ನೋಡಿದ. ಮತ್ತೆ ಕಾರ್ಡನ್ನು ನೋಡಿದ. ಮನೆ ನಂಬರು, ಓಣಿ, ಪಿನ್‌ಕೋಡು ಎಲ್ಲವೂ ಒಂದೇ.

ನನಗೆ ಮೊದಲು ನಗು ಬಂತು. ಸಿಟ್ಟು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಆ ಹೋಟೆಲು ನಿಂತಿರುವುದು ನಮ್ಮ ಮನೆಯಿದ್ದ ಜಾಗದಲ್ಲಿ. ಕಾರವಾರದ ಪೇಟೆಯ ನಡುವೆ ಏಳು ಗುಂಟೆ. ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚು, ಮುಂದೆ ಜಗುಲಿ, ಹಿಂದೆ ಬಾವಿ, ಬಾವಿಯ ಪಕ್ಕ ಮೂರು ತೆಂಗಿನ ಮರ. ಹುಟ್ಟಿದ್ದು ಅಲ್ಲಿ. ಮದುವೆಯಾಗಿ ಹೋಗಿ ಎಂಟನೇ ವರ್ಷಕ್ಕೆ ಮಗಳನ್ನು ಎತ್ತಿಕೊಂಡು ಮರಳಿ ಬಂದದ್ದೂ ಅಲ್ಲಿಗೇ. ಕೋರ್ಟಿನಲ್ಲಿ ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾಗುವ ತನಕ ದಿನವೂ ಆ ಜಗುಲಿಯಿಂದಲೇ ಇಳಿದು ನಡೆದಿದ್ದೇನೆ.

ಹಾಗೆಂದು ಮನೆ ಕೆಡವಿದ ದಿನ ಅತ್ತವಳಲ್ಲ. ಅತ್ತದ್ದು ಮುಂಬೈಯಲ್ಲಿರುವ ಅಣ್ಣ. “ಆಯಿಯ ಅಡುಗೆಮನೆ ಹೋಯಿತಲ್ಲೇ” ಎಂದು ಫೋನಿನಲ್ಲಿ ಗದ್ಗದನಾದ. ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹತ್ತು ದಿನ ಬಂದು ಮಾವು ತಿಂದು ಹೋಗುವವನಿಗೆ ಅಡುಗೆಮನೆ ಸೋರುವುದು ಹೇಗೆ ಗೊತ್ತಾಗಬೇಕು? ಮಳೆಗೆ ಮೊದಲು ಹಂಚು ಕೈಯಾಡಿಸುವವನನ್ನು ಹುಡುಕಿ ಬೇಡಿಕೊಳ್ಳುತ್ತಿದ್ದವಳು ನಾನು. ಗೋವಾದಲ್ಲಿ ದುಪ್ಪಟ್ಟು ಕೂಲಿ ಸಿಗುತ್ತದೆಂದು ಒಂದು ವರ್ಷ ಅವನು ಬರಲೇ ಇಲ್ಲ. ಪಶ್ಚಿಮದ ಗೋಡೆಗೆ ಮಡಲಿನ ತಟ್ಟಿ ಕಟ್ಟಿಸಿದ್ದು ನಾನು. ರಾತ್ರಿ ಎರಡು ಗಂಟೆಗೆ ಕೊಡೆ ಬಿಡಿಸಿಕೊಂಡು ಹಿತ್ತಿಲ ಪಾಯಿಖಾನೆಗೆ ಹೋಗಿ ಬಂದದ್ದೂ ನಾನೇ. ಒಳಗೇ ಬಚ್ಚಲಿರುವ ಮನೆ, ಮೇಲೆ ಹತ್ತಲು ಲಿಫ್ಟು: ಇಷ್ಟು ನನಗೆ ಬೇಕಿತ್ತು. ಕಟ್ಟಡದವರ ಜೊತೆ ಮಾತಿಗೆ ಕುಳಿತಾಗ ಎಲ್ಲರಿಗಿಂತ ಅವಸರ ನನ್ನದೇ ಆಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪೇಟೆಯಲ್ಲಿ ಉಳಿದವರೂ ಅದನ್ನೇ ಮಾಡುತ್ತಿದ್ದರು. 2005ರಲ್ಲಿ ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾದ ಮೇಲೆ ಕಾರವಾರದ ಬಾಡಿಗೆಯ ಲೆಕ್ಕವೇ ಬದಲಾಯಿತು. ನೌಕಾಪಡೆಯ ಕಾಮಗಾರಿಗೆ ಬಂದವರು, ಕೈಗಾ ಅಣುಸ್ಥಾವರದ ಐದು–ಆರನೇ ಘಟಕದ ಕೆಲಸಕ್ಕೆ ಬಂದವರು, ಮೆಡಿಕಲ್ ಕಾಲೇಜಿಗೆ ಬಂದವರು, ಗೋಕರ್ಣಕ್ಕೂ ಗೋವಾಕ್ಕೂ ನಡುವೆ ಒಂದು ರಾತ್ರಿ ತಂಗುವವರು. ಇವರೆಲ್ಲರಿಗೂ ಮಂಚ ಬೇಕು. ಓಣಿಯಲ್ಲಿ ಒಂದೊಂದೇ ಹಂಚಿನ ಮಾಡು ಇಳಿಯಿತು. ನಿಜ ಹೇಳಬೇಕೆಂದರೆ ಅವು ಅಷ್ಟು ದಿನ ಉಳಿದದ್ದೇ ಸಮುದ್ರದ ದಯೆಯಿಂದ. ಉಬ್ಬರದ ಗೆರೆಯಿಂದ ಐನೂರು ಮೀಟರಿನೊಳಗಿನ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. ಈಗಾಗಲೇ ಮನೆಗಳು ತುಂಬಿದ ಪೇಟೆಗಳು ಅದರಲ್ಲಿ ಎರಡನೇ ವರ್ಗ. ಅಲ್ಲಿ ಕಟ್ಟಬಹುದು, ಆದರೆ ಎಷ್ಟು ವಿಸ್ತಾರಕ್ಕೆ ಕಟ್ಟಬಹುದೆಂಬ ಲೆಕ್ಕವನ್ನು 2011ರ ಅಧಿಸೂಚನೆಯೂ 1991ರ ಫೆಬ್ರವರಿಯಲ್ಲಿದ್ದ ಮಿತಿಯ ಗೂಟಕ್ಕೇ ಕಟ್ಟಿಹಾಕಿತ್ತು. 2019ರ ಅಧಿಸೂಚನೆ ಆ ಹಗ್ಗ ಬಿಚ್ಚಿತು. ಆಮೇಲೆ ನಮ್ಮ ಜಗುಲಿಗೆ ಬರುವ ದಲ್ಲಾಳಿಗಳ ಚಪ್ಪಲಿಯ ಜೋಡಿ ಹೆಚ್ಚಾಯಿತು.

ಒಪ್ಪಂದವಾಯಿತು. ಕೆಳಗೆ ಅಂಗಡಿ, ರಸ್ತೆಯ ಬದಿಗೆ ಹೋಟೆಲು, ಹಿಂಬದಿಗೆ ಫ್ಲ್ಯಾಟುಗಳು. ಕಟ್ಟುವವರಿಗೆ ನೂರಕ್ಕೆ ಅರವತ್ತು, ನಮಗೆ ನಲವತ್ತು. ಅಣ್ಣನಿಗೊಂದು, ಬೆಳಗಾವಿಯ ತಮ್ಮನಿಗೊಂದು, ನನಗೊಂದು ಫ್ಲ್ಯಾಟು, ಮೂವರಿಗೂ ಸೇರಿ ಒಂದು ಅಂಗಡಿ. ಹೋಟೆಲಿನ ಭಾಗವನ್ನು ಕಟ್ಟುವವರು ಇನ್ನೊಬ್ಬರಿಗೆ ಮಾರಿದರು. ಜಾಗ ಐನೂರು ಚದರ ಮೀಟರು ದಾಟಿದ್ದರಿಂದ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಬೇಕಿತ್ತು. ಆ ದಾಖಲೆಯಲ್ಲಿ ಜಾಗದ ಮಾಲೀಕರೂ ‘ಪ್ರವರ್ತಕರು’. ಒಂದು ಇಟ್ಟಿಗೆ ಎತ್ತದೆ ನಾನು ಬಿಲ್ಡರ್ ಆದೆನೆಂದು ಮಗಳು ಒಂದು ವಾರ ನಕ್ಕಳು.

ಅಷ್ಟುದ್ದದ ಕರಾರಿನಲ್ಲಿ ನಾನು ಪಟ್ಟು ಹಿಡಿದು ಸೇರಿಸಿದ್ದು ಒಂದೇ ಕಲಮು: ‘ಜಾಗದಲ್ಲಿರುವ ಬಾವಿಯನ್ನು ಹೂಳತಕ್ಕದ್ದಲ್ಲ.’ ವರ್ಷಗಟ್ಟಲೆ ಬೇರೆಯವರ ದಾವೆಗಳ ಕಡತ ಕಟ್ಟಿದ ಕೈ ಬರೆಸಿದ ವಾಕ್ಯ. ಕೆಲಸ ಅರ್ಧಕ್ಕೆ ಬಂದಾಗ ನೋಡಲು ಹೋದರೆ ಬಾವಿ ಕಾಣಲಿಲ್ಲ. ಪಾರ್ಕಿಂಗಿನ ನೆಲ ಒಂದೇ ಸಮನೆ ಕಾಂಕ್ರೀಟು. “ಹೂಳಿಲ್ಲ ಮೇಡಂ, ಮುಚ್ಚಿದ್ದೇವೆ ಅಷ್ಟೆ” ಎಂದರು ಇಂಜಿನಿಯರು. ಮೇಲೆ ಸ್ಲ್ಯಾಬು, ಮೂಲೆಯಲ್ಲಿ ಆಳು ಇಳಿಯುವಷ್ಟು ಕಬ್ಬಿಣದ ಮುಚ್ಚಳ, ಒಳಗೆ ಪಂಪು. ಕರಾರಿನ ಅಕ್ಷರಕ್ಕೆ ಎಳ್ಳಷ್ಟೂ ಚ್ಯುತಿಯಿಲ್ಲ. ಶಿರಸ್ತೇದಾರಿಕೆ ಅಂದು ಸೋತಿತು.

ಇನ್ನು ಆ ಶನಿವಾರದ ಮಾತು. 2025ರ ಜುಲೈ. ಫ್ಲ್ಯಾಟಿನ ಕೀಲಿ ಕೈಗೆ ಬಂದು ತಿಂಗಳಾಗಿತ್ತು. ಒಂದು ಚಾಪೆ, ಪೊರಕೆ, ಎರಡು ಬಲ್ಬು, ಸ್ಟೀಲಿನ ಚೊಂಬು ಕಟ್ಟಿಕೊಂಡು ಶಿರಸಿಯ ಮಗಳ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಗುಡಿಸಿ, ದೇವರಿಗೊಂದು ದೀಪ ಹಚ್ಚಿ, ಸಂಜೆಯ ಬಸ್ಸಿಗೆ ಹಿಂದಿರುಗುವ ಲೆಕ್ಕ. ಬಲ್ಬು ತಂದದ್ದು ದಡ್ಡತನ. ಮೀಟರಿನ ಪೆಟ್ಟಿಗೆ ಇತ್ತು, ಮೀಟರು ಇರಲಿಲ್ಲ.

ಕಾರಣ ನನಗೆ ತಿಳಿಯದ್ದಲ್ಲ. ಕಟ್ಟಡ ಮುಗಿದ ಪ್ರಮಾಣಪತ್ರವೋ ಸ್ವಾಧೀನಾನುಭವ ಪತ್ರವೋ ಇಲ್ಲದೆ ವಿದ್ಯುತ್ತು, ನೀರು, ಒಳಚರಂಡಿ ಯಾವುದನ್ನೂ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಲ್ಲರ ಬಾಯಲ್ಲಿ ಆ ಪತ್ರ ‘ಒಸಿ’. ಹೋಟೆಲಿನ ಭಾಗಕ್ಕೆ ಒಸಿ ಮೊದಲೇ ಬಂದಿತ್ತು, ದುಡ್ಡು ಹುಟ್ಟುವ ಕಡೆ ಕಾಗದಗಳು ಚುರುಕಾಗಿ ನಡೆಯುತ್ತವೆ. ಹಿಂಬದಿಯಲ್ಲಿ ಬಿಡಬೇಕಾದಷ್ಟು ತೆರಪು ಬಿಟ್ಟಿಲ್ಲವೆಂದು ಫ್ಲ್ಯಾಟುಗಳದ್ದು ನಿಂತಿತ್ತು. ಆದೇಶ ಸರಿಯಾದದ್ದು. ಅದು ಹತ್ತು ವರ್ಷ ಮೊದಲೇ ಬರಬೇಕಿತ್ತು ಎನ್ನುವವಳು ನಾನು. ಆದರೆ ಬರಿಯ ಸ್ವಿಚ್ಚು ಒತ್ತಿ ಕತ್ತಲಲ್ಲಿ ನಿಂತಾಗ ಈ ತತ್ತ್ವ ಅಷ್ಟಾಗಿ ಸಮಾಧಾನ ಕೊಡುವುದಿಲ್ಲ. ಲಿಫ್ಟೂ ಇಲ್ಲ. ಯಾವ ಮಂಡಿಗಾಗಿ ಮನೆ ಕೆಡವಿಸಿದೆನೋ ಅದೇ ಮಂಡಿಯನ್ನು ಹಿಡಿದುಕೊಂಡು ನಾಲ್ಕು ಅಂತಸ್ತು ಹತ್ತಿದ್ದೆ.

ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು. ಐದಕ್ಕೆ ಮಗಳ ಫೋನು: ದೇವಿಮನೆ ಘಟ್ಟದಲ್ಲಿ ಮಣ್ಣು ಬಿದ್ದಿದೆ, ಬಸ್ಸು ಬಿಡುತ್ತಿಲ್ಲ, ಎಲ್ಲಿಯಾದರೂ ಉಳಿದುಕೋ ಆಯಿ. ಮೊದಲಾದರೆ ಓಣಿಯಲ್ಲಿ ಹತ್ತು ಬಾಗಿಲು ತಟ್ಟಬಹುದಿತ್ತು. ಈಗ ಬಾಗಿಲುಗಳೆಲ್ಲ ಶಟರುಗಳಾಗಿವೆ, ಸಂಜೆಗೆ ಸರ್ರನೆ ಕೆಳಗಿಳಿಯುತ್ತವೆ. ಚಾಪೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದು, ಕಟ್ಟಡವನ್ನು ಒಂದು ಸುತ್ತು ಹಾಕಿ, ಗಾಜಿನ ಬಾಗಿಲು ತಳ್ಳಿದೆ.

ಸ್ಥಳೀಯರಿಗೆ ರೂಮ್ ಇಲ್ಲವೆನ್ನುವುದು ಕಾನೂನಲ್ಲ, ಲಾಡ್ಜಿನವರ ಭಯ. ಊರಿನವರು ರೂಮ್ ಹಿಡಿದರೆ ಕುಡಿಯಲು, ಇಸ್ಪೀಟಿಗೆ, ಇಲ್ಲವೇ ಮನೆಯವರಿಗೆ ತಿಳಿಯಬಾರದ ಇನ್ನೇನಕ್ಕೋ ಎಂಬ ನಂಬಿಕೆ. ನನ್ನಂಥವಳು ಈ ಮೂರರಲ್ಲಿ ಯಾವುದಕ್ಕೆ ಬಂದಿರಬಹುದೆಂದು ಹುಡುಗ ಅಳೆದು ನೋಡುತ್ತಿದ್ದ. “ಬೇರೆ ಊರಿನ ಯಾವುದಾದರೂ ಗುರುತಿನ ಚೀಟಿ ಇದೆಯೇ ಮೇಡಂ?” ಎಂದು ಕೇಳಿದ. ಮತದಾರರ ಚೀಟಿ ಕಾರವಾರದ್ದು. ಪಿಂಚಣಿಯ ಪುಸ್ತಕ ಕಾರವಾರದ್ದು. ಹುಟ್ಟಿದ್ದೇ ಕಾರವಾರದಲ್ಲಿ, ಏನು ಮಾಡಲಿ? ಲಾಬಿಯ ಗೋಡೆಯ ಮೇಲಿಂದ ಗಡ್ಡದ ರವೀಂದ್ರನಾಥ ಠಾಕೂರರು ನೋಡುತ್ತಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದವರು. ಅವರಿಗೆ ತೊಂದರೆಯಿಲ್ಲ, ಕಲ್ಕತ್ತೆಯ ವಿಳಾಸ.

ಕೊನೆಗೆ ಹುಡುಗ ಯಜಮಾನರಿಗೆ ಫೋನು ಹಚ್ಚಿದ. ಬಾಯಿಗೆ ಕೈ ಅಡ್ಡ ಹಿಡಿದು, “ಒಬ್ಬರು ಬಂದಿದ್ದಾರೆ ಸರ್, ಲೋಕಲ್… ಅಲ್ಲ ಸರ್, ಜಾಗದವರಂತೆ” ಎಂದ.

ಜಾಗದವರು. ಕೇಳಿದೊಡನೆ ನನಗೇ ತಿಳಿಯದೆ ಬೆನ್ನು ನೆಟ್ಟಗಾಯಿತು.

ರೂಮ್ ಸಿಕ್ಕಿತು. ಸಾವಿರದ ಐನೂರು ರೂಪಾಯಿ, ಮೇಲೆ ಆಗಿನ ಜಿಎಸ್‌ಟಿ ನೂರಕ್ಕೆ ಹನ್ನೆರಡು, ಒಟ್ಟು 1,680. ರಿಯಾಯಿತಿ ಕೇಳುವ ಮನಸ್ಸಾಗಿತ್ತು, ನಾಲಿಗೆ ಏಳಲಿಲ್ಲ.

ಮೂರನೇ ಅಂತಸ್ತು. ಬಿಳಿಯ ಹಾಸಿಗೆ, ಟಿವಿ, ಕಿಟಕಿಯಾಚೆ ಎದುರಿನ ಕಟ್ಟಡದ ಎಸಿ ಪೆಟ್ಟಿಗೆಗಳ ಸಾಲು. ಇದು ಮನೆಯ ಯಾವ ಭಾಗದ ಮೇಲಿದೆಯೆಂದು ಲೆಕ್ಕ ಹಾಕಲು ನೋಡಿದೆ. ಬಾಗಿಲು ಉತ್ತರಕ್ಕಾದರೆ ಇದು ಹಿತ್ತಿಲ ಮೂಲೆ, ತೆಂಗಿನ ಮರಗಳಿದ್ದಲ್ಲಿ. ಹಾಗಾದರೆ ಮಂಚವಿರುವುದು ಮರದ ತುದಿಯ ಮಟ್ಟದಲ್ಲಿ. ನಮ್ಮ ಮನೆಯ ಯಾರೂ ಇಷ್ಟು ಎತ್ತರಕ್ಕೆ ಬಂದವರಲ್ಲ. ಬರುತ್ತಿದ್ದವನು ಕಾಯಿ ಕೀಳುವವನೊಬ್ಬ. ಮೇಲೆ ತಲುಪಿದೊಡನೆ “ದೇವಗಡದ ದೀಪಸ್ತಂಭ ಕಾಣುತ್ತದೆ” ಎಂದು ಕೂಗುತ್ತಿದ್ದ. ಕಡಲೊಳಗಿನ ನಡುಗಡ್ಡೆ ಅದು. ಸುಳ್ಳು ಎನ್ನುತ್ತಿದ್ದೆವು ನಾವು ಮಕ್ಕಳು. ಇಳಿದು ಬಂದು, “ಹತ್ತಿ ನೋಡಿ ಬನ್ನಿ” ಎಂದು ಎಲೆಯಡಿಕೆ ಕೇಳುತ್ತಿದ್ದ. ರಾತ್ರಿ ಮಳೆ ಸ್ವಲ್ಪ ಬಿಟ್ಟಾಗ ಎದ್ದು ಕಾರಿಡಾರಿನ ತುದಿಯ ಕಿಟಕಿಗೆ ಹೋದೆ. ಪಶ್ಚಿಮಕ್ಕೆ ಮಿನುಗುವ ಕೆಂಪು ದೀಪವೊಂದು ಕಂಡಿತು. ಹತ್ತು ನಿಮಿಷ ನೋಡಿದ ಮೇಲೆ ಅದು ಮೊಬೈಲ್ ಟವರು ಎಂದು ಗೊತ್ತಾಯಿತು.

ಬೆಳಿಗ್ಗೆ ಎದ್ದಾಗ ಕೆಳಗೆ ರವಿವಾರದ ಸಂತೆ ಕಟ್ಟುತ್ತಿತ್ತು. ಪ್ಲಾಸ್ಟಿಕ್ ಹೊದಿಸಿದ ಬುಟ್ಟಿಗಳಲ್ಲಿ ಮೊಗೆಕಾಯಿ, ಕಳಲೆ, ಹರಿವೆಯ ಕಟ್ಟುಗಳು. ಮುಖ ತೊಳೆಯಲು ನಲ್ಲಿ ಬಿಟ್ಟೆ. ಬಿಳಿಯ ಬೇಸಿನ್ನಿನಲ್ಲಿ ನೀರು ನಿಂತಾಗ ತೆಳುವಾದ ಕೆಂಪು. ಚಹಾ ಬೆರೆಸಿದಂತೆ ಅಲ್ಲ, ಅಡಿಕೆ ಅಗಿದು ಬಾಯಿ ಮುಕ್ಕಳಿಸಿದಂತೆ. ನೀರು ಇಳಿದು ಹೋದ ಮೇಲೆ ಸುತ್ತ ಕೂದಲೆಳೆಯಷ್ಟು ಗೆರೆ ಉಳಿಯಿತು. ಬೆರಳಿನಿಂದ ತೀಡಿ ನೋಡಿದೆ. ನುಣ್ಣಗೆ, ಜೇಡಿ. ಮೂಗಿಗೆ ಹಿಡಿದೆ.

ಗುರುತು ಸಿಕ್ಕಿಬಿಟ್ಟಿತು. ಪ್ರತಿ ಜುಲೈಯಲ್ಲೂ ಹೀಗೆಯೇ. ಮಳೆ ಬಲಿತು ನೀರು ಮೇಲೇರಿದೊಡನೆ ಬಾವಿಯ ಪಶ್ಚಿಮ ಮಗ್ಗುಲಿನ ಒರತೆ ಕೆಂಪು ಮಣ್ಣನ್ನು ಹೊತ್ತು ತರುತ್ತಿತ್ತು. ಆಯಿ ಕೊಡಪಾನದ ಬಾಯಿಗೆ ಪಂಚೆಯ ತುಂಡು ಕಟ್ಟುತ್ತಿದ್ದಳು. ಚೌತಿಯ ಹೊತ್ತಿಗೆ ನೀರು ತಾನಾಗಿ ತಿಳಿಯಾಗುತ್ತಿತ್ತು.

ದುಡ್ಡು ಕೊಡಲು ಕೆಳಗೆ ಹೋದಾಗ ಇಬ್ಬರು ಅತಿಥಿಗಳು ಹುಡುಗನನ್ನು ಇದೇ ನೀರಿಗಾಗಿ ದಬಾಯಿಸುತ್ತಿದ್ದರು. ಅವರು ಹೋದ ಮೇಲೆ ಅವನು ಹಣೆ ಒರೆಸಿಕೊಂಡ. ಟ್ಯಾಂಕು ಎರಡು ಸಲ ತೊಳೆಸಿದ್ದನಂತೆ. ಪೈಪಿನ ತುಕ್ಕು ಎಂದು ಪ್ಲಂಬರು ಹೇಳಿ, ಅರ್ಧ ಕಟ್ಟಡದ ಪೈಪು ಬದಲಿಸುವ ಮಾತಾಡುತ್ತಿದ್ದನಂತೆ.

“ತುಕ್ಕಲ್ಲ, ಮಣ್ಣು. ಬಾವಿಯಲ್ಲಿ ಪಂಪಿನ ಫುಟ್‌ವಾಲ್ವ್ ತೀರ ತಳದಲ್ಲಿದೆ. ನಾಲ್ಕು ಅಡಿ ಮೇಲಕ್ಕೆ ಎತ್ತಿಸು, ಮೇಲಿನ ನೀರು ತಿಳಿಯಿರುತ್ತದೆ” ಎಂದೆ.

“ಬಾವಿಯೇ? ಇಲ್ಲಿ ಬಾವಿ ಇದೆಯೇ ಅಮ್ಮ?” ಎಂದ. ಮೇಡಂ ಎನ್ನುವುದನ್ನು ಮರೆತಿದ್ದ.

ಜೋಯಿಡಾ ಕಡೆಯ ಹುಡುಗ, ಬಂದು ಎರಡು ತಿಂಗಳು. ನೀರು ಬೋರಿನದ್ದು ಎಂದುಕೊಂಡಿದ್ದ. ಬಾ ತೋರಿಸುತ್ತೇನೆ ಎಂದು ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಕಂಬಗಳ ನಡುವೆ ದಿಕ್ಕು ಒಂದು ಕ್ಷಣ ತಪ್ಪಿತು. ರಸ್ತೆಯ ಸದ್ದನ್ನು ಹಿಡಿದು, ಜಗುಲಿ ಇಲ್ಲಿ, ನಡುಮನೆ ಇಲ್ಲಿ, ಅಡುಗೆಮನೆ ಇಲ್ಲಿ ಎಂದು ಹೆಜ್ಜೆ ಎಣಿಸುತ್ತ ನಡೆದೆ. ಅವನು ಹಿಂದಿನಿಂದ ಬಂದ. ಹಿತ್ತಿಲ ಬಾಗಿಲಿಂದ ಹನ್ನೊಂದು ಹೆಜ್ಜೆ.

ಕಬ್ಬಿಣದ ಮುಚ್ಚಳದ ಮೇಲೆ ಮಹಾರಾಷ್ಟ್ರದ ನಂಬರಿನ ದೊಡ್ಡ ಬಿಳಿ ಕಾರು ನಿಂತಿತ್ತು. ಹಿಂದಿನ ಚಕ್ರ ಸರಿಯಾಗಿ ಅದರ ನಡುವಿಗೆ.

ಹುಡುಗ ಮೇಲೆ ಓಡಿ ಹೋಗಿ ರೂಮಿಗೆ ಫೋನು ಮಾಡಿ ಬಂದ. “ಎದ್ದಿಲ್ಲ ಅಮ್ಮ. ರಾತ್ರಿ ತಡವಾಗಿ ಬಂದವರು.”

ಶಿರಸಿಗೆ ಬಸ್ಸು ಶುರುವಾಗಿದೆಯೇ ಎಂದು ಮಗಳನ್ನು ಕೇಳಬೇಕಿತ್ತು. ಆಮೇಲೆ ಕೇಳಿದರಾಯಿತು ಎಂದುಕೊಂಡು, ಹುಡುಗ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾರಿನ ಪಕ್ಕ ಕುಳಿತೆ.